ಮದುವೆ 1872ರಲ್ಲಿ, ಮಗ ಹುಟ್ಟಿದ್ದು 1869ರಲ್ಲಿ: ಅಯೋವಾದ ಒಂದು ಹಳೇ ಪೆಟ್ಟಿಗೆ ಏನು ಹೇಳುತ್ತಿದೆ?

ಪ್ರಶ್ನೆ: ನಾನು ಸಾಗರದ ಕಡೆಯವಳು. ಮದುವೆಯಾದ ಮೇಲೆ ಹದಿನಾಲ್ಕು ವರ್ಷದಿಂದ ಅಮೆರಿಕದ ಅಯೋವಾ ರಾಜ್ಯದಲ್ಲಿದ್ದೇನೆ. ಡೆಕೋರಾ ಪಟ್ಟಣದ ಹತ್ತಿರ ಒಂದು ಸಣ್ಣ ಊರು. ಗಂಡನ ಮನೆಯವರು ನಾರ್ವೆ ಮೂಲದವರು. ಮಾವನಿಗೆ ಈಗ 87 ವರ್ಷ. ಹೋದ ಚಳಿಗಾಲದಲ್ಲಿ ಅವರು ಒಂದು ಮರದ ಪೆಟ್ಟಿಗೆ ಕೊಟ್ಟು, "ಇದನ್ನೆಲ್ಲ ಸರಿಮಾಡಿ ಮಕ್ಕಳಿಗೆ ಇಟ್ಟುಕೋ" ಎಂದರು. ಅದರಲ್ಲಿ ಅವರ ಮುತ್ತಜ್ಜ ಓಲೆ, ಮುತ್ತಜ್ಜಿ ಮಾರಿತ್ ಇಬ್ಬರ ಫೋಟೊ, 1872ರ ಮದುವೆ ಪತ್ರ, ಪೌರತ್ವದ ಕಾಗದ, 1878ರಲ್ಲಿ ಅಚ್ಚಾದ ನಾರ್ವೇಜಿಯನ್ ಬೈಬಲ್ ಇವೆ. ಬೈಬಲ್ಲಿನ ಮೊದಲ ಹಾಳೆಯಲ್ಲಿ ಒಂಬತ್ತು ಮಕ್ಕಳ ಹೆಸರಿದೆ. ಮೊದಲನೆಯವನು ಲಾರ್ಸ್, ಹುಟ್ಟಿದ್ದು 1869, ಅಯೋವಾದಲ್ಲೇ. ಅವನೇ ನಮ್ಮ ಮಾವನ ಅಜ್ಜ. ಎರಡನೆಯವಳು ಇಂಗೆಬೋರ್ಗ್, 1873. ಅಂದರೆ ಮದುವೆಗೆ ಮೂರು ವರ್ಷ ಮೊದಲೇ ಮಗು ಹುಟ್ಟಿದೆ! 1900ರ ಜನಗಣತಿಯ ಪುಟವೂ ಸಿಕ್ಕಿತು, ಅದರದ್ದೂ ಬೈಬಲ್ಲಿನ ಹಾಳೆಯದ್ದೂ ಫೋಟೊ ಕಳಿಸಿದ್ದೇನೆ. ಓಲೆ ತೀರಿಕೊಂಡಿದ್ದು 1919ರಲ್ಲಿ, ಮಾರಿತ್ 1927ರಲ್ಲಿ. ಇನ್ನೂ ಗೊಂದಲಗಳಿವೆ. ಓಲೆ ಲಾರ್ಸನ್, ಅವನ ತಮ್ಮ ಕ್ನೂತ್ ಬಾಕೆನ್. ಒಡಹುಟ್ಟಿದವರಿಗೆ ಬೇರೆ ಬೇರೆ ಮನೆತನದ ಹೆಸರು ಹೇಗೆ? ನ್ಯೂಯಾರ್ಕ್ ಬಂದರಿನ ವಲಸೆ ಕೇಂದ್ರವಾಗಿದ್ದ ಎಲಿಸ್ ಐಲ್ಯಾಂಡಿನ ಅಧಿಕಾರಿ ಹೆಸರು ಬದಲಿಸಿದ ಎಂದು ಮಾವ ಹೇಳುತ್ತಾರೆ. ಅಜ್ಜ ಮನೆಯಲ್ಲಿ ನಾರ್ವೇಜಿಯನ್ ಮಾತಾಡುತ್ತಲೇ ಇರಲಿಲ್ಲ ಎಂದೂ ನೆನಪಿಸಿಕೊಳ್ಳುತ್ತಾರೆ. ಪೌರತ್ವದ ಕಾಗದದಲ್ಲಿ ಸ್ವೀಡನ್ ರಾಜನ ಹೆಸರಿದೆ, ಹಾಗಾದರೆ ಇವರು ಸ್ವೀಡನ್ನಿನವರಾ? ಆನ್‌ಲೈನಿನಲ್ಲಿ ಯಾರೋ ಹಾಕಿದ ವಂಶವೃಕ್ಷ ಒಬ್ಬ ವೈಕಿಂಗ್ ರಾಜನವರೆಗೂ ಹೋಗಿದೆ. ನನ್ನ ಗಂಡ ಡಿಎನ್‌ಎ ಟೆಸ್ಟ್ ಮಾಡಿಸೋಣ ಎನ್ನುತ್ತಿದ್ದಾರೆ. ಮಾವನಿಗೆ ಆ ಫೋಟೊ ಎಂದರೆ ಜೀವ. ನಾನು ಹೊರಗಿನಿಂದ ಬಂದ ಸೊಸೆ. ಕೆದಕಬಾರದ್ದನ್ನು ಕೆದಕುತ್ತಿದ್ದೇನಾ ಎಂದು ಹೆದರಿಕೆಯಾಗುತ್ತಿದೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಜನಗಣತಿ ಪುಟದ ಫೋಟೊವನ್ನು ಇನ್ನೂ ಜಾಸ್ತಿ ಸಲ ನೋಡಿದೆ. (ಮನೆಯವರ ಹೆಸರುಗಳನ್ನು ಇಲ್ಲಿ ಬದಲಿಸಿದ್ದೇನೆ. ಆ ಸೀಮೆಯಲ್ಲಿ ಓಲೆ ಲಾರ್ಸನ್ ಎಂಬ ಹೆಸರಿನವರು ಊರಿಗೊಬ್ಬರಿದ್ದರು, ಹಾಗಾಗಿ ಯಾರಿಗೂ ಗುರುತು ಸಿಗದು.) ಹೆಸರು, ಹಡಗು, ರಾಜ ಎಲ್ಲ ಕೇಳಿದ್ದೀರಿ. ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಆ 1869ರ ಮಗು, ಅಲ್ವಾ? ಅದಕ್ಕೆ ಉತ್ತರದ ಮುಕ್ಕಾಲು ಭಾಗ ನೀವು ಕಳಿಸಿದ ಪುಟದಲ್ಲೇ ಇದೆ. ಬಲಗಡೆಯ ಸಣ್ಣ ಕಾಲಮ್ಮುಗಳಲ್ಲಿ ಇರುವುದರಿಂದ ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಅಲ್ಲಿಗೆ ಬರುತ್ತೇನೆ. ಅದಕ್ಕೂ ಮೊದಲು ಹೆಸರಿನ ಸಿಕ್ಕು ಬಿಡಿಸಬೇಕು, ಮುಂದಿನ ಹುಡುಕಾಟ ಪೂರ್ತಿ ಅದರ ಮೇಲೆ ನಿಂತಿದೆ.

ಹೊರಗಿನಿಂದ ಬಂದ ಸೊಸೆ ಎಂದು ಬರೆದಿದ್ದೀರಿ. ಇಪ್ಪತ್ತು ವರ್ಷದಿಂದ ವಂಶಾವಳಿ ಹುಡುಕಿಕೊಡುವ ಈ ಕೆಲಸ ಮಾಡುತ್ತಿದ್ದೇನೆ. ನನ್ನ ಹತ್ತಿರ ಬರುವವರಲ್ಲಿ ಸೊಸೆಯಂದಿರೇ ಜಾಸ್ತಿ. ಆ ಮನೆಯಲ್ಲೇ ಹುಟ್ಟಿದವರಿಗೆ ಕಥೆಗಳು ಕೇಳಿ ಕೇಳಿ ಅಭ್ಯಾಸವಾಗಿರುತ್ತವೆ, ಪ್ರಶ್ನೆ ಏಳುವುದಿಲ್ಲ. ಮದುವೆಯಾಗಿ ಬಂದವರು "ಈ ಫೋಟೊದಲ್ಲಿರುವವರು ಯಾರು?" ಎಂದು ಕೇಳಲೇಬೇಕಾಗುತ್ತದೆ. ಮಾವ ಆ ಪೆಟ್ಟಿಗೆಯನ್ನು ನಿಮ್ಮ ಕೈಗೇ ಕೊಟ್ಟಿದ್ದಾರೆ ಎಂಬುದನ್ನೂ ಮರೆಯಬೇಡಿ.

ಹೆಸರೆಂದರೆ ವಿಳಾಸ

ಓಲೆ ಲಾರ್ಸನ್, ಕ್ನೂತ್ ಬಾಕೆನ್ ಒಡಹುಟ್ಟಿದವರಾಗಿರಲು ಯಾವ ಅಡ್ಡಿಯೂ ಇಲ್ಲ. ಆ ಕಾಲದ ನಾರ್ವೆಯ ಹಳ್ಳಿಗಳಲ್ಲಿ ಮನೆತನದ ಹೆಸರು ಎಂಬುದೇ ಇರಲಿಲ್ಲ. ಒಬ್ಬ ಮನುಷ್ಯನಿಗೆ ಮೂರು ಗುರುತು. ಅವನ ಸ್ವಂತ ಹೆಸರು, ಅಪ್ಪನ ಹೆಸರು, ಅವನು ಬದುಕುತ್ತಿದ್ದ ಹೊಲಮನೆಯ ಹೆಸರು. ಅಪ್ಪ ಲಾರ್ಸ್ ಆದರೆ ಮಗ ಲಾರ್ಸೆನ್, ಮಗಳು ಲಾರ್ಸ್‌ದಾತ್ತೆರ್, ಅಂದರೆ ಲಾರ್ಸನ ಮಗಳು. ಬಾಕೆನ್ ಎಂದರೆ ದಿಬ್ಬ. ದಿಬ್ಬದ ಮನೆಯ ಲಾರ್ಸನ ಮಗ ಓಲೆ. ಅಷ್ಟೇ.

ಸಾಗರದವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ನಿಮ್ಮ ಕಡೆ ಕೆಳಗಿನಮನೆಯವರು, ಮೇಲಿನಮನೆಯವರು ಎಂದೇ ಜನರನ್ನು ಗುರುತಿಸುವುದು. ಹೆಸರಿನ ಮುಂದೆ ಊರಿನ ಅಕ್ಷರ, ಆಮೇಲೆ ಅಪ್ಪನ ಹೆಸರಿನ ಅಕ್ಷರ ಬರೆಯುವ ರೂಢಿಯೂ ನಮ್ಮದೇ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಆದರೆ ಹೆಸರಿನ ಮುಂದಿರುವ 'ಎಂ' ಮೋಕ್ಷಗುಂಡಂ, ಅವರ ಹಿರಿಯರು ಬಿಟ್ಟುಬಂದ ಆಂಧ್ರದ ಊರು. ಇನಿಶಿಯಲ್ ಇರುವ ನಮ್ಮವರು ಅಮೆರಿಕಕ್ಕೆ ಬಂದು ಪಾಸ್‌ಪೋರ್ಟಿನ 'ಕೊನೆಯ ಹೆಸರು' ತುಂಬುವಾಗ ಏನಾಗುತ್ತದೆ? ಅಣ್ಣ ಅಪ್ಪನ ಹೆಸರು ಹಾಕುತ್ತಾನೆ, ತಂಗಿ ಊರಿನ ಹೆಸರು ಹಾಕುತ್ತಾಳೆ. ಓಲೆ ಮತ್ತು ಕ್ನೂತ್ ಮಾಡಿದ್ದೂ ಅದನ್ನೇ. ಅಯೋವಾದಲ್ಲಿ ಭೂಮಿ ಪತ್ರಕ್ಕೆ ಒಂದು ಕಾಯಂ ಹೆಸರು ಬೇಕಾಯಿತು. ಒಬ್ಬ ಅಪ್ಪನ ಹೆಸರು ಹಿಡಿದ, ಇನ್ನೊಬ್ಬ ದಿಬ್ಬದ ಮನೆಯನ್ನು ಹಿಡಿದ. ನಾರ್ವೆಯಲ್ಲೇ ಕಾಯಂ ಮನೆತನದ ಹೆಸರು ಕಾನೂನಾಗಿದ್ದು 1923ರಲ್ಲಿ.

ಇನ್ನೆರಡು ವಿಷಯ ಗೊತ್ತಿರಲಿ. ಹೊಲಮನೆ ಬದಲಾದರೆ ಹೆಸರೂ ಬದಲಾಗುತ್ತಿತ್ತು. ಹೆಂಡತಿಯ ಹೊಲಕ್ಕೆ ಮನೆಅಳಿಯನಾಗಿ ಹೋದವನು ಆ ಹೊಲದ ಹೆಸರಿನಿಂದಲೇ ಗುರುತಾಗುತ್ತಿದ್ದ. ಹೆಂಗಸರು ಮದುವೆಯಾದ ಮೇಲೆ ಗಂಡನ ಹೆಸರು ಹಾಕಿಕೊಳ್ಳುತ್ತಿರಲಿಲ್ಲ, ಸಾಯುವವರೆಗೂ ಅಪ್ಪನ ಮಗಳಾಗಿಯೇ ಇರುತ್ತಿದ್ದರು. ಅಯೋವಾದಲ್ಲಿ 'ಮಿಸೆಸ್ ಲಾರ್ಸನ್' ಆದ ಮಾರಿತ್ ನಾರ್ವೆಯ ಪುಸ್ತಕದಲ್ಲಿ ಆ ಹೆಸರಿನಲ್ಲಿ ಎಲ್ಲೂ ಸಿಗುವುದಿಲ್ಲ. ಅದಕ್ಕೇ ಹೇಳುತ್ತೇನೆ, ಲಾರ್ಸನ್ ಎಂಬ ಹೆಸರನ್ನು ಹುಡುಕುತ್ತಾ ಹೋಗಬೇಡಿ. ಹೊಲಮನೆಯನ್ನೂ ಅದು ಇದ್ದ ಚರ್ಚ್ ವಲಯವನ್ನೂ ಹುಡುಕಿ. ಕ್ನೂತ್ ಉಳಿಸಿಕೊಂಡ 'ಬಾಕೆನ್' ನಿಮಗೆ ದೊಡ್ಡ ಉಡುಗೊರೆ. ಆ ಹೆಸರಿನ ಹೊಲ ನಾರ್ವೆಯಲ್ಲಿ ಬೇಕಾದಷ್ಟಿವೆ ಎಂಬುದು ನಿಜ. ಆದರೂ ಓಲೆ, ಕ್ನೂತ್ ಎಂಬ ಅಣ್ಣತಮ್ಮಂದಿರು, ಅಪ್ಪ ಲಾರ್ಸ್, ಹೊಲ ಬಾಕೆನ್, ಈ ನಾಲ್ಕೂ ಒಟ್ಟಿಗೆ ಕೂಡುವ ವಲಯಗಳು ಕಡಿಮೆ.

ಎಲಿಸ್ ಐಲ್ಯಾಂಡಿನ ಕಥೆ

ಇದನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ನಿಮ್ಮ ಜನಗಣತಿ ಪುಟದ ಪ್ರಕಾರ ಓಲೆ ಅಮೆರಿಕಕ್ಕೆ ಬಂದಿದ್ದು 1867ರಲ್ಲಿ. ಎಲಿಸ್ ಐಲ್ಯಾಂಡ್ ಕೇಂದ್ರ ತೆರೆದಿದ್ದು 1892ರ ಜನವರಿ 1ರಂದು. ನಡುವೆ 25 ವರ್ಷ! ಆಮೇಲೆ ಅಲ್ಲಿ ಇಳಿದವರ ಹೆಸರನ್ನೂ ಅಧಿಕಾರಿಗಳು ಬದಲಿಸುತ್ತಿರಲಿಲ್ಲ. ಪ್ರಯಾಣಿಕರ ಪಟ್ಟಿಯನ್ನು ಹೊರಡುವ ಬಂದರಿನಲ್ಲೇ ಹಡಗು ಕಂಪನಿಯವರು ಬರೆಯುತ್ತಿದ್ದರು. ಇಲ್ಲಿನ ಅಧಿಕಾರಿ ಆ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಕರೆದು ತಾಳೆ ನೋಡುತ್ತಿದ್ದ. ಭಾಷೆ ಬಲ್ಲ ದುಭಾಷಿಗಳೂ ಇರುತ್ತಿದ್ದರು. ಹೆಸರುಗಳು ಬದಲಾಗಿದ್ದು ಆಮೇಲೆ, ಶಾಲೆಯಲ್ಲಿ, ಅಂಗಡಿಯ ಉದ್ರಿ ಪುಸ್ತಕದಲ್ಲಿ, ಜಮೀನಿನ ಪತ್ರದಲ್ಲಿ. ಹೆಚ್ಚಿನ ಸಲ ಬದಲಿಸಿಕೊಂಡವರು ಅವರೇ.

ಓಲೆ ನ್ಯೂಯಾರ್ಕಿನಲ್ಲಿ ಇಳಿಯದೇ ಇರುವ ಸಾಧ್ಯತೆಯೂ ಇದೆ. ಬ್ರಿಟನ್ 1849ರಲ್ಲಿ, ವಿದೇಶಿ ಹಡಗುಗಳಿಗೆ ಅಡ್ಡಿಯಾಗಿದ್ದ ತನ್ನ ಹಳೇ ನೌಕಾ ಕಾಯ್ದೆಗಳನ್ನು ರದ್ದು ಮಾಡಿತು. ಆಮೇಲೆ ನಾರ್ವೆಯ ಹಡಗುಗಳಿಗೆ ಕೆನಡಾದ ಕ್ವೆಬೆಕ್‌ನಿಂದ ಬ್ರಿಟನ್ನಿಗೆ ಮರ ಸಾಗಿಸುವ ವ್ಯಾಪಾರ ಸಿಕ್ಕಿತು. ಹೋಗುವಾಗ ಹಡಗು ಖಾಲಿ. ಆ ಖಾಲಿ ಜಾಗದಲ್ಲಿ ವಲಸೆಗಾರರನ್ನು ಕಡಿಮೆ ದರಕ್ಕೆ ತುಂಬಿಸಿಕೊಂಡು ಹೋಗತೊಡಗಿದರು. 1850 ಮತ್ತು 60ರ ದಶಕದಲ್ಲಿ ನಾರ್ವೆಯವರಲ್ಲಿ ಬಹುಪಾಲು ಜನ ಬಂದಿದ್ದು ಹೀಗೇ, ಕ್ವೆಬೆಕ್ ಮೂಲಕ. ಅಲ್ಲಿಂದ ರೈಲು, ದೋಣಿ ಹಿಡಿದು ಮಿಲ್ವಾಕಿ ಅಥವಾ ಶಿಕಾಗೋ, ಆಮೇಲೆ ಪಶ್ಚಿಮಕ್ಕೆ. ಕ್ವೆಬೆಕ್‌ನ ಪ್ರಯಾಣಿಕರ ಪಟ್ಟಿ 1865ರಿಂದ ಉಳಿದಿದೆ, ಕೆನಡಾದ ರಾಷ್ಟ್ರೀಯ ಪತ್ರಾಗಾರದಲ್ಲಿದೆ. 1871ರಲ್ಲಿ ಬಂದ ಮಾರಿತ್ ದಾರಿ ಬೇರೆ ಇರಬಹುದು. ಅಷ್ಟು ಹೊತ್ತಿಗೆ ಹಬೆ ಹಡಗುಗಳು ಬಂದಿದ್ದವು. ನಾರ್ವೆಯಿಂದ ಇಂಗ್ಲೆಂಡಿನ ಹಲ್, ಅಲ್ಲಿಂದ ರೈಲಿನಲ್ಲಿ ಲಿವರ್‌ಪೂಲ್, ಆಮೇಲೆ ಅಟ್ಲಾಂಟಿಕ್.

ಸ್ವೀಡನ್ ರಾಜನ ವಿಷಯ ಸುಲಭ. 1814ರಿಂದ 1905ರವರೆಗೆ ಎರಡೂ ದೇಶಕ್ಕೆ ಒಬ್ಬನೇ ರಾಜ. ಪೌರತ್ವ ಪಡೆಯುವವರು 'ಸ್ವೀಡನ್ ಮತ್ತು ನಾರ್ವೆಯ ರಾಜನ' ನಿಷ್ಠೆ ಬಿಟ್ಟೆ ಎಂದು ಪ್ರಮಾಣ ಮಾಡಬೇಕಿತ್ತು. ನಿಮ್ಮವರು ನಾರ್ವೆಯವರೇ. ಆ ಕಾಗದದಲ್ಲಿ ಮಾರಿತ್ ಹೆಸರಿಲ್ಲವಲ್ಲ ಎಂದು ಹುಡುಕಲು ಹೋಗಬೇಡಿ. 1855ರ ಕಾನೂನಿನಂತೆ ಗಂಡ ಪೌರನಾದರೆ ಹೆಂಡತಿಯೂ ತಾನಾಗಿಯೇ ಪೌರಳು. ಅವಳಿಗೆ ಪ್ರತ್ಯೇಕ ಕಾಗದವೇ ಇರುತ್ತಿರಲಿಲ್ಲ.

ಈಗ ಆ ಮಗು

ನಾರ್ವೆಯ ಹಳ್ಳಿಗಾಡಿನಲ್ಲಿ ಮದುವೆಗೆ ಮೊದಲು ಮಗುವಾಗುವುದು ಅಪರೂಪವೇನೂ ಆಗಿರಲಿಲ್ಲ. ಐಲರ್ಟ್ ಸುಂಟ್ ಎಂಬ ಸಮಾಜ ಸಂಶೋಧಕರು 1850ರ ದಶಕದಲ್ಲಿ ಊರೂರು ಸುತ್ತಿ ಇದನ್ನು ಅಧ್ಯಯನ ಮಾಡಿದ್ದರು. ಸ್ವಂತ ಭೂಮಿಯಿಲ್ಲದ ಬಡ ರೈತರು ಒಂದು ಗುಡಿಸಲು, ಒಂದು ತುಂಡು ಹೊಲ ಸಿಗುವವರೆಗೆ ಮದುವೆ ಮುಂದೂಡುತ್ತಿದ್ದರು, ಅಷ್ಟರಲ್ಲಿ ಮಗು ಬಂದಿರುತ್ತಿತ್ತು. ಪಾದ್ರಿ ಅದನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು, ಅಪ್ಪ ಅಮ್ಮ ಇಬ್ಬರ ಹೆಸರಿನ ಸಮೇತ. ಹಾಗಾಗಿ ನೀವು ಹೆದರಿದಂತೆಯೇ ಆಗಿದ್ದರೂ ನಾಚಿಕೆಪಡುವಂಥದ್ದು ಏನಿಲ್ಲ.

ಆದರೆ ನನಗೆ ಕಾಣುತ್ತಿರುವ ಕಥೆ ಬೇರೆ.

1900ರ ಪುಟವನ್ನು ಮತ್ತೆ ತೆಗೆಯಿರಿ. ಆ ವರ್ಷದ ಜನಗಣತಿಯಲ್ಲಿ 1880ರ ಗಣತಿಯಲ್ಲಿ ಇಲ್ಲದ ಕೆಲವು ಪ್ರಶ್ನೆ ಇದ್ದವು. ಮದುವೆಯಾಗಿ ಎಷ್ಟು ವರ್ಷ, ಈ ತಾಯಿಗೆ ಒಟ್ಟು ಎಷ್ಟು ಮಕ್ಕಳು ಹುಟ್ಟಿದರು, ಈಗ ಎಷ್ಟು ಜನ ಬದುಕಿದ್ದಾರೆ, ಅಮೆರಿಕಕ್ಕೆ ಬಂದಿದ್ದು ಯಾವ ವರ್ಷ. ಮಾರಿತ್ ಸಾಲಿನಲ್ಲಿ ಏನಿದೆ ನೋಡಿ. ಮದುವೆಯಾಗಿ 28 ವರ್ಷ. ಹುಟ್ಟಿದ ಮಕ್ಕಳು 8. ಬದುಕಿರುವವರು 5. ಬಂದ ವರ್ಷ 1871.

ಬೈಬಲ್ಲಿನಲ್ಲಿ ಮಕ್ಕಳು ಒಂಬತ್ತು. ಮಾರಿತ್ ಹೆತ್ತದ್ದು ಎಂಟು. ಲಾರ್ಸ್ ಹುಟ್ಟಿದ್ದು 1869ರಲ್ಲಿ, ಅಯೋವಾದಲ್ಲಿ. ಮಾರಿತ್ ಆಗಿನ್ನೂ ನಾರ್ವೆಯಲ್ಲೇ ಇದ್ದಳು.

ಇನ್ನೂ ಒಂದು ಸುಳಿವಿದೆ, ನನಗೆ ತುಂಬ ಮುಖ್ಯವಾಗಿ ಕಂಡದ್ದು. ಮಕ್ಕಳಿಗೆ ಹೆಸರಿಡುವುದರಲ್ಲಿ ನಾರ್ವೆಯವರದ್ದು ನಮ್ಮಂತೆಯೇ ಕಟ್ಟುಪಾಡು. ಹಿರಿ ಮಗನಿಗೆ ಅಪ್ಪನ ಅಪ್ಪನ ಹೆಸರು. ಅದಕ್ಕೇ ಇವನು ಲಾರ್ಸ್. ಹೆಂಡತಿ ಸತ್ತು ಗಂಡ ಮತ್ತೆ ಮದುವೆಯಾದರೆ, ಎರಡನೇ ಹೆಂಡತಿಗೆ ಹುಟ್ಟುವ ಮೊದಲ ಹೆಣ್ಣುಮಗುವಿಗೆ ತೀರಿಹೋದ ಮೊದಲ ಹೆಂಡತಿಯ ಹೆಸರಿಡುವ ಪದ್ಧತಿ ಇತ್ತು. ಓಲೆ, ಮಾರಿತ್ ದಂಪತಿಯ ಮೊದಲ ಮಗಳು ಇಂಗೆಬೋರ್ಗ್. ಇದು ಅಜ್ಜಿಯ ಹೆಸರೂ ಇರಬಹುದು, ಅದನ್ನು ತಾಳೆ ನೋಡಬೇಕು. ಆದರೂ ನಾನು ಹುಡುಕಲು ಕೂತರೆ ಮೊದಲು ಹುಡುಕುವ ಹೆಸರು ಇಂಗೆಬೋರ್ಗ್.

ಅಂದರೆ, ಓಲೆಗೆ ಮೊದಲೊಬ್ಬ ಹೆಂಡತಿ ಇದ್ದಿರಬೇಕು. 1869ರಲ್ಲಿ ಲಾರ್ಸನನ್ನು ಹೆತ್ತು, 1872ಕ್ಕೆ ಮೊದಲು ತೀರಿಕೊಂಡಿರಬೇಕು. ನಿಮ್ಮ ಪೆಟ್ಟಿಗೆಯಲ್ಲಿ ಅವಳ ಫೋಟೊ ಇಲ್ಲ, ಪತ್ರ ಇಲ್ಲ. ಮೊದಲ ತಲೆಮಾರಿನ ಎಷ್ಟೋ ಗೋರಿಗಳಿಗೆ ಮರದ ಹಲಗೆಯೇ ಗುರುತು. ಹಲಗೆ ಕೊಳೆತು ಹೋಯಿತು, ಮಳೆ ಹಿಮದಲ್ಲಿ ಹೆಸರೂ ಹೋಯಿತು. ಇಂಥ ಹೆಂಗಸರು ಆ ಸೀಮೆಯಲ್ಲಿ ಎಷ್ಟು ಜನ ಇದ್ದಾರೋ! ಒಂದು ಕುಟುಂಬ ಅವಳನ್ನು ಮರೆಯಲು ಎರಡೇ ತಲೆಮಾರು ಸಾಕು. ನನಗೆ ಈ ಕೆಲಸ ಬಿಡಲು ಮನಸ್ಸು ಬಾರದಿರುವುದೂ ಇವರಿಂದಲೇ.

ಬೈಬಲ್ ಬಗ್ಗೆಯೂ ಒಂದು ಮಾತು. ಅಚ್ಚಾಗಿದ್ದು 1878. ಹಾಗಾಗಿ 1869ರ ಸಾಲನ್ನು ಮಗು ಹುಟ್ಟಿದಾಗ ಬರೆದಿಲ್ಲ. ನೀವು ಕಳಿಸಿದ ಹಾಳೆಯಲ್ಲಿ ಮೊದಲ ಐದು ಹೆಸರು ಒಂದೇ ಕೈಬರಹ, ಒಂದೇ ಶಾಯಿ. ಯಾರೋ ಒಮ್ಮೆಗೇ ಕೂತು ಬರೆದಿದ್ದಾರೆ. ಬರೆದವರು ಲಾರ್ಸನನ್ನು ಎಲ್ಲರಿಗಿಂತ ಮೇಲೆ ಹಾಕಿದ್ದಾರೆ, ಮಲಮಗ ಎಂದು ಬೇರೆ ಮಾಡಿಲ್ಲ. ಅದು ಮಾರಿತ್ ಕೈಬರಹವೇ ಆಗಿದ್ದರೆ ನನಗೆ ಆಶ್ಚರ್ಯವಿಲ್ಲ.

ಇಷ್ಟಕ್ಕೇ ತೀರ್ಮಾನ ಮಾಡಬೇಡಿ

ಜನಗಣತಿಯವರು ಬಾಗಿಲಿಗೆ ಬಂದಾಗ ಯಾರು ಉತ್ತರ ಕೊಟ್ಟರೋ ಯಾರು ಬಲ್ಲರು? ಅಕ್ಕಪಕ್ಕದವರು ಹೇಳಿದ್ದನ್ನೂ ಬರೆದುಕೊಂಡು ಹೋದದ್ದುಂಟು. ಬಂದ ವರ್ಷ ಒಂದೆರಡು ವರ್ಷ ಆಚೀಚೆ ಆಗುವುದು ಮಾಮೂಲಿ. ಮದುವೆಗೆ ಮೊದಲು ಹುಟ್ಟಿದ ಮಗುವನ್ನು ತಾಯಿ ಲೆಕ್ಕಕ್ಕೆ ಹೇಳದೇ ಇರಬಹುದು. ನಾನು ಈ ಕೆಲಸ ಶುರು ಮಾಡಿದ ಹೊಸದರಲ್ಲಿ ಹೆಸರು, ವಯಸ್ಸು, ಊರು ಮೂರೂ ಹೊಂದಿದ ಒಬ್ಬ ಓಲೆ ಓಲ್ಸನ್ ಹಿಂದೆ ಮೂರು ತಿಂಗಳು ಹೋಗಿದ್ದೆ. ಕೊನೆಗೆ ನೋಡಿದರೆ ಅವನು ಬೇರೆಯವನು. ಆ ಮನೆಯವರು ಅಷ್ಟರಲ್ಲಿ ನೆಂಟರಿಗೆಲ್ಲ ಹಂಚಿಬಿಟ್ಟಿದ್ದರು. ಅವತ್ತಿನಿಂದ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ದಾಖಲೆ ಒಂದೇ ಮಾತು ಹೇಳದೆ ನಾನು ಯಾರ ಹೆಸರನ್ನೂ ಶಾಯಿಯಲ್ಲಿ ಬರೆಯುವುದಿಲ್ಲ.

ನಿಮಗೆ ಬೇಕಾದ ಮೊದಲ ದಾಖಲೆ ಲಾರ್ಸನ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಸಾಲು. ಅಯೋವಾ ರಾಜ್ಯ ಸರ್ಕಾರ ಹುಟ್ಟು ಸಾವು ಬರೆದಿಡಲು ಶುರು ಮಾಡಿದ್ದೇ 1880ರಲ್ಲಿ. 1869ಕ್ಕೆ ಸರ್ಕಾರಿ ಪ್ರಮಾಣಪತ್ರ ಹುಡುಕಿದರೆ ಸಿಗುವುದಿಲ್ಲ, ಸುಮ್ನೆ ಹಣ ಕಟ್ಟಬೇಡಿ. ಚರ್ಚಿನ ಪುಸ್ತಕವೇ ಗತಿ. ನಿಮ್ಮ ಸೀಮೆಗೆ ಪಾದ್ರಿ ಯು. ವಿ. ಕೋರೆನ್ 1853ರಲ್ಲೇ ಬಂದಿದ್ದರು. ನಾರ್ವೇಜಿಯನ್ ಲೂಥರನ್ ಸಭೆಗಳು ತಾಯ್ನಾಡಿನ ಪದ್ಧತಿಯಲ್ಲೇ ಪುಸ್ತಕ ಇಟ್ಟವು. ದೀಕ್ಷಾಸ್ನಾನದ ಸಾಲಿನಲ್ಲಿ ತಂದೆ ತಾಯಿ ಹೆಸರಿರುತ್ತದೆ, ಸಾಕ್ಷಿಗೆ ನಿಂತವರ ಹೆಸರೂ ಇರುತ್ತದೆ. ಆ ಸಾಕ್ಷಿಗಳನ್ನು ಬಿಡಬೇಡಿ. ಅವರಲ್ಲಿ ಒಬ್ಬರಾದರೂ ತಾಯಿಯ ಅಣ್ಣನೋ ತಂಗಿಯೋ ಆಗಿರಬಹುದು. ಮದುವೆಗೆ ಹೊರತಾಗಿ ಹುಟ್ಟಿದ ಮಗುವಾದರೆ ಪಕ್ಕದಲ್ಲಿ 'ಊಎಕ್ತೆ' ಎಂದು ಬರೆದಿರುತ್ತಾರೆ. ಅದೊಂದು ಪದ ಇದೆಯೋ ಇಲ್ಲವೋ ನೋಡಿದರೆ ನಿಮ್ಮ ಹೆದರಿಕೆಗೆ ಉತ್ತರ ಸಿಕ್ಕಂತೆ.

ಎರಡನೆಯದು 1870ರ ಜನಗಣತಿ. ಅದು ಆ ವರ್ಷದ ಜೂನ್ 1ರ ಲೆಕ್ಕ. ಓಲೆಯ ಮನೆಯಲ್ಲಿ ಇಪ್ಪತ್ತರ ಆಸುಪಾಸಿನ ಹೆಂಗಸಿದ್ದಾಳಾ, ಅವಳ ಹೆಸರೇನು ನೋಡಿ. ಮಗು ಚಿಕ್ಕಪ್ಪ ಕ್ನೂತ್ ಮನೆಯಲ್ಲಿ ಸಿಕ್ಕರೆ ತಾಯಿ ಅದಕ್ಕೂ ಮೊದಲೇ ಹೋಗಿರಬಹುದು. ಆ ಗಣತಿಯ ಜೊತೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ಸತ್ತವರ ಪಟ್ಟಿಯನ್ನೂ ಪ್ರತ್ಯೇಕವಾಗಿ ಮಾಡಿದ್ದರು, ಅದನ್ನೂ ತೆಗೆಸಿ. 1880ರ ಗಣತಿಯಲ್ಲಿ ಲಾರ್ಸ್ ಎದುರು 'ಮಗ' ಎಂದಿರುತ್ತದೆ. ಅದನ್ನು ನೋಡಿ ಮೋಸಹೋಗಬೇಡಿ. ಅಲ್ಲಿ ಬರೆಯುತ್ತಿದ್ದದ್ದು ಮನೆ ಯಜಮಾನನ ಜೊತೆಗಿನ ಸಂಬಂಧ ಮಾತ್ರ. ಅವನು ಓಲೆಯ ಮಗ ಎಂದು ಅದು ಹೇಳುತ್ತದೆ, ಮಾರಿತ್ ಬಗ್ಗೆ ಏನೂ ಹೇಳುವುದಿಲ್ಲ.

1890ರ ಗಣತಿ ಹುಡುಕಬೇಡಿ. 1921ರ ಜನವರಿಯಲ್ಲಿ ವಾಷಿಂಗ್ಟನ್ನಿನಲ್ಲಿ ಬೆಂಕಿ ಬಿದ್ದು ಹಾಳಾಯಿತು, ಉಳಿದದ್ದನ್ನೂ ಆಮೇಲೆ ನಾಶ ಮಾಡಿದರು. ಆದರೆ ಅಯೋವಾದವರ ಪುಣ್ಯ, ರಾಜ್ಯ ಸರ್ಕಾರ ತನ್ನದೇ ಗಣತಿ ಮಾಡಿಸುತ್ತಿತ್ತು. 1885, 1895, 1905, 1915, 1925. ಇದರಲ್ಲಿ 1925ರದ್ದು ಬಂಗಾರ. ಪ್ರತಿಯೊಬ್ಬರ ಅಪ್ಪನ ಹೆಸರು, ಅಮ್ಮನ ತವರಿನ ಹೆಸರು, ಅವರು ಹುಟ್ಟಿದ ಜಾಗ, ಎಲ್ಲ ಕೇಳಿದ್ದಾರೆ. ಮಾರಿತ್ ತೀರಿಕೊಂಡಿದ್ದು 1927 ಎಂದು ಬರೆದಿದ್ದೀರಿ. ಹಾಗಾದರೆ ಅವಳ ಸಾಲಿನಲ್ಲಿ ಅವಳ ಅಪ್ಪ ಅಮ್ಮನ ಹೆಸರು ಇದೆ. ಲಾರ್ಸ್ ಆಗ 56ರ ವಯಸ್ಸಿನವನು. ತನ್ನ ತಾಯಿ ಯಾರು ಎಂಬ ಪ್ರಶ್ನೆಗೆ ಅವನ ಮನೆಯಿಂದ ಹೋದ ಉತ್ತರ ಅಲ್ಲಿದೆ. ಈ ಪುಟವನ್ನು ಇವತ್ತೇ ನೋಡಿ ಎನ್ನುತ್ತೇನೆ. ಫ್ಯಾಮಿಲಿಸರ್ಚ್ ತಾಣದಲ್ಲಿ ಉಚಿತ ಖಾತೆ ತೆರೆದರೆ ಸಾಕು.

ಇನ್ನೆರಡು ಕಡೆ ಜನ ಸಾಮಾನ್ಯವಾಗಿ ಹೋಗುವುದೇ ಇಲ್ಲ. ಒಂದು, ಕೌಂಟಿ ನ್ಯಾಯಾಲಯದಲ್ಲಿರುವ ಮಾರಿತ್ ಆಸ್ತಿಯ ಕಡತ. ಅವಳು ಉಯಿಲು ಮಾಡದೆ ಹೋಗಿದ್ದರೆ ವಾರಸುದಾರರ ಪಟ್ಟಿಯಲ್ಲಿ ಅವಳು ಹೆತ್ತ ಮಕ್ಕಳ ಹೆಸರು ಮಾತ್ರ ಇರಬೇಕು. ಓಲೆಯ ಕಡತದಲ್ಲಿ ಲಾರ್ಸ್ ಇದ್ದು ಮಾರಿತ್ ಕಡತದಲ್ಲಿ ಇಲ್ಲದಿದ್ದರೆ, ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಾಗಿಲ್ಲ. ಇನ್ನೊಂದು, ಜಮೀನಿನ ಕ್ರಯಪತ್ರ. ಗಂಡ ಜಮೀನು ಮಾರುವಾಗ ಹೆಂಡತಿಯ ಹಕ್ಕು ಬಿಡಿಸಿಕೊಳ್ಳಲು ಅವಳ ಸಹಿಯನ್ನೂ ಹಾಕಿಸುತ್ತಿದ್ದರು. ಓಲೆ 1868ರಿಂದ 1871ರ ನಡುವೆ ಒಂದು ತುಂಡು ಭೂಮಿ ಮಾರಿದ್ದರೂ, ಅಡವಿಟ್ಟಿದ್ದರೂ ಮೊದಲ ಹೆಂಡತಿಯ ಹೆಸರು ಅಲ್ಲಿ ಸಿಗಬಹುದು. (ಆ ಪುಸ್ತಕಗಳನ್ನು ತಿರುವುವಾಗ ಒಂದು ನೆನಪಿರಲಿ. ಆ ಭೂಮಿಯಲ್ಲಿ ಅಮೆರಿಕದ ಮೂಲನಿವಾಸಿಗಳಾದ ಹೋ-ಚಂಕ್ ಜನ ಬಾಳುತ್ತಿದ್ದರು, 1848ರಲ್ಲಿ ಅವರನ್ನು ಅಲ್ಲಿಂದ ಎಬ್ಬಿಸಿ ಮಿನ್ನೆಸೋಟಕ್ಕೆ ಸಾಗಿಸಿದರು. ಕೌಂಟಿಯ ಹೆಸರು ವಿನ್ನೆಶೀಕ್, ಪಟ್ಟಣದ ಹೆಸರು ಡೆಕೋರಾ, ಎರಡೂ ಅವರ ನಾಯಕರದ್ದು. ಮಕ್ಕಳಿಗೆ ಹೇಳುವಾಗ ಕಥೆಯನ್ನು ಅಲ್ಲಿಂದಲೇ ಶುರು ಮಾಡಿ ಎಂದು ಕೇಳಿಕೊಳ್ಳುತ್ತೇನೆ.)

ನಾರ್ವೆಗೆ ದಾಟುವುದು ಇದೆಲ್ಲ ಆದಮೇಲೆ. ಅಲ್ಲಿನ ಚರ್ಚ್ ಪುಸ್ತಕಗಳನ್ನು ಡಿಜಿಟಲಾರ್ಕಿವೆಟ್ ತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ದೀಕ್ಷಾಸ್ನಾನ, ದೃಢೀಕರಣ (ಹದಿವಯಸ್ಸಿನಲ್ಲಿ ಚರ್ಚಿನಲ್ಲಿ ನಂಬಿಕೆಯನ್ನು ಒಪ್ಪಿ ಹೇಳುವ ವಿಧಿ), ಮದುವೆ, ಊರು ಬಿಟ್ಟುಹೋದವರ ಪಟ್ಟಿ, ಯಾವಾಗ ಮೈಲಿಬೇನೆಯ ಲಸಿಕೆ ಹಾಕಿಸಿದರು ಎಂಬುದು ಕೂಡ. 1810ರ ಆಜ್ಞೆಯಂತೆ ಲಸಿಕೆ ಇಲ್ಲದೆ ದೃಢೀಕರಣವೂ ಇಲ್ಲ, ಮದುವೆಯೂ ಇಲ್ಲ. ಅಕ್ಷರ ಮಾತ್ರ ಹಳೇ ಗೋಥಿಕ್ ಕೈಬರಹ. ನಮ್ಮ ಶಾನುಭೋಗರ ಕಡತದ ಮೋಡಿ ಅಕ್ಷರ ಮೊದಲ ಸಲ ನೋಡಿದಾಗ ಹೇಗೋ ಹಾಗೇ, ಎರಡು ವಾರ ಕಣ್ಣು ಪಳಗಿದರೆ ಬರುತ್ತದೆ. ನಿಮ್ಮ ಪಕ್ಕದ ಡೆಕೋರಾದಲ್ಲೇ ವೆಸ್ಟರ್‌ಹೈಮ್ ವಸ್ತುಸಂಗ್ರಹಾಲಯವಿದೆ. ಮ್ಯಾಡಿಸನ್ನಿನಲ್ಲಿ ನಾರ್ವೇಜಿಯನ್ ಅಮೆರಿಕನ್ ವಂಶಾವಳಿ ಕೇಂದ್ರವಿದೆ. ಅಲ್ಲಿನವರಿಗೆ ಇದೇ ಕೆಲಸ, ಶುಲ್ಕ ಕೊಟ್ಟರೆ ಹುಡುಕಿಯೂ ಕೊಡುತ್ತಾರೆ. ಡೆಕೋರಾದಲ್ಲಿ 1874ರಿಂದ 1972ರವರೆಗೆ ನಡೆದ 'ಡೆಕೋರಾ ಪೋಸ್ಟೆನ್' ಎಂಬ ನಾರ್ವೇಜಿಯನ್ ಪತ್ರಿಕೆಯ ನಿಧನ ವಾರ್ತೆಗಳನ್ನೂ ನೋಡಿ. 1919ರಲ್ಲಿ ಓಲೆ ಸತ್ತಾಗ ಅವನ ಮೊದಲ ಮದುವೆಯ ಬಗ್ಗೆ ಒಂದು ಸಾಲು ಬರೆದಿದ್ದರೂ ಬರೆದಿರಬಹುದು.

ಅಜ್ಜ ಮನೆಯಲ್ಲಿ ನಾರ್ವೇಜಿಯನ್ ಮಾತಾಡುತ್ತಲೇ ಇರಲಿಲ್ಲ ಎಂದು ಮಾವ ನೆನಪಿಸಿಕೊಂಡರಂತಲ್ಲ. ಅದಕ್ಕೂ ಒಂದು ಕಾರಣ ಇರಬಹುದು. ಮೊದಲ ಮಹಾಯುದ್ಧದ ಸಮಯ, 1918ರ ಮೇ 23ರಂದು, ಅಯೋವಾದ ಗವರ್ನರ್ ವಿಲಿಯಂ ಹಾರ್ಡಿಂಗ್ ಒಂದು ಘೋಷಣೆ ಹೊರಡಿಸಿದರು. ಶಾಲೆ, ಚರ್ಚು, ರೈಲು, ಟೆಲಿಫೋನು, ಎಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಬಾರದು ಎಂದು. ಗುರಿ ಜರ್ಮನರು, ಪೆಟ್ಟು ಎಲ್ಲರಿಗೂ. ಭಾಷೆ ನಿಂತಾಗ ಹಳೇ ಕಥೆಗಳೂ ನಿಲ್ಲುತ್ತವೆ. ಮೊದಲ ಹೆಂಡತಿಯ ಸುದ್ದಿ ಮುಂದಿನ ತಲೆಮಾರಿಗೆ ದಾಟದೇ ಹೋಗಿದ್ದರೆ ಇದೂ ಒಂದು ಕಾರಣ.

ವೈಕಿಂಗ್ ರಾಜನನ್ನು ಬಿಟ್ಟುಬಿಡಿ. ನಾರ್ವೆಯ ಬಹುತೇಕ ಚರ್ಚ್ ಪುಸ್ತಕಗಳು 1600ರ ದಶಕದ ಕೊನೆಗೋ 1700ರ ನಂತರವೋ ಶುರುವಾಗುತ್ತವೆ. ಸಾಮಾನ್ಯ ರೈತರ ಮನೆಯನ್ನು ಅದಕ್ಕಿಂತ ತುಂಬ ಹಿಂದಕ್ಕೆ ಕಾಗದದ ಮೇಲೆ ಒಯ್ಯುವುದು ಬಹಳ ಕಷ್ಟ. ಆನ್‌ಲೈನ್ ವೃಕ್ಷಗಳಲ್ಲಿ ಒಬ್ಬರು ತಪ್ಪು ಮಾಡಿದರೆ ನೂರು ಜನ ಅದನ್ನೇ ನಕಲು ಮಾಡಿರುತ್ತಾರೆ.

ಡಿಎನ್‌ಎ ಬಗ್ಗೆ

ನಿಮ್ಮ ಗಂಡ ಸುಮ್ನೆ ಒಬ್ಬರೇ ಟೆಸ್ಟ್ ಮಾಡಿಸಿದರೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. 'ಇಷ್ಟು ಪಾಲು ನಾರ್ವೆ' ಎಂದು ಬರುತ್ತದೆ, ಅದು ನಿಮಗೆ ಗೊತ್ತಿರುವುದೇ. ಉಪಯೋಗಕ್ಕೆ ಬರಬೇಕಾದರೆ ಮಾವನವರು ಮಾಡಿಸಬೇಕು, ಮಾರಿತ್ ಹೆತ್ತ ಮಗ ಅಥವಾ ಮಗಳ ಮೊಮ್ಮಗುವೊಬ್ಬರೂ ಮಾಡಿಸಬೇಕು. ಲಾರ್ಸ್ ಕೂಡ ಮಾರಿತ್ ಮಗನೇ ಆಗಿದ್ದರೆ ಆ ಇಬ್ಬರು ಸರಾಸರಿ ಶೇ 3ರಷ್ಟು ಡಿಎನ್‌ಎ ಹಂಚಿಕೊಂಡಿರುತ್ತಾರೆ. ಅಪ್ಪ ಒಬ್ಬನೇ, ತಾಯಿ ಬೇರೆ ಎಂದಾದರೆ ಅದರ ಅರ್ಧ. ಆದರೆ ಇವು ಸರಾಸರಿ. ಎರಡೂ ಒಂದರ ಮೇಲೊಂದು ಬೀಳುವಷ್ಟು ಏರುಪೇರಾಗುತ್ತವೆ. ಒಬ್ಬರ ಜೊತೆ ಹೋಲಿಸಿದರೆ ಸಾಲದು, ಮೂರು ನಾಲ್ಕು ಜನ ಬೇಕು.

ಅಪಾಯವನ್ನೂ ಹೇಳಬೇಕು. ನೀವು 1869ರ ಗುಟ್ಟು ಹುಡುಕಲು ಹೋಗಿ 1969ರ ಗುಟ್ಟೊಂದು ಹೊರಬೀಳಬಹುದು. ಬದುಕಿರುವ ಯಾರೋ ಒಬ್ಬರಿಗೆ ತನ್ನ ಅಪ್ಪ ಅಪ್ಪನಲ್ಲ ಎಂದು ಮೊಬೈಲಿನಲ್ಲಿ ಗೊತ್ತಾದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆ ಮನೆ ಇನ್ನೂ ಸರಿಹೋಗಿಲ್ಲ. ಮಾಹಿತಿ ಸೋರಿಕೆಯ ಭಯವೂ ಇದೆ. 2023ರಲ್ಲಿ ಒಂದು ದೊಡ್ಡ ಕಂಪನಿಯ ಸುಮಾರು 69 ಲಕ್ಷ ಗ್ರಾಹಕರ ಮಾಹಿತಿ ಕಳ್ಳರ ಪಾಲಾಯಿತು. ಒಮ್ಮೆ ಕೊಟ್ಟ ಡಿಎನ್‌ಎಯನ್ನು ಪಾಸ್‌ವರ್ಡಿನ ಹಾಗೆ ಬದಲಿಸಲು ಆಗುವುದಿಲ್ಲ. ಮೊದಲು ಕಾಗದ ಮುಗಿಸಿ. ಅಲ್ಲಿ ಉತ್ತರ ಸಿಗದಿದ್ದರೆ ಆಮೇಲೆ ನೋಡೋಣ.

ಮಾವನಿಗೆ ಹೇಳುವುದು

ನೀವು ಇಲ್ಲಿಗೇ ನಿಲ್ಲಿಸಬಹುದು. ಪೆಟ್ಟಿಗೆಯನ್ನು ಜೋಡಿಸಿ, ಫೋಟೊಗೆ ಒಳ್ಳೆಯ ಹೊದಿಕೆ ಹಾಕಿ, ಮುಚ್ಚಿಡಬಹುದು. ಅದೂ ತಪ್ಪಲ್ಲ. ಆದರೆ ನಿಮಗೆ ಗೊತ್ತಿರುವುದು ಮಾವನಿಗೆ ಗೊತ್ತಿಲ್ಲದೆ ಒಂದೇ ಮನೆಯಲ್ಲಿ ಓಡಾಡುವುದು ನಿಮಗೆ ಕಷ್ಟವಾಗುತ್ತದೆ, ಪತ್ರದಲ್ಲೇ ಅದು ಕಾಣುತ್ತಿದೆ.

ನನ್ನ ಸಲಹೆ ಹೀಗಿದೆ. ದೀಕ್ಷಾಸ್ನಾನದ ಸಾಲು ಸಿಗುವವರೆಗೆ ಮೊದಲ ಹೆಂಡತಿಯ ಮಾತು ಎತ್ತಬೇಡಿ. ಅಲ್ಲಿಯವರೆಗೆ ಮಾವನನ್ನು ಮಾತಾಡಿಸಿ. "ನಿಮ್ಮ ಅಜ್ಜ ಲಾರ್ಸ್ ತನ್ನ ಅಮ್ಮನ ಬಗ್ಗೆ ಏನು ಹೇಳುತ್ತಿದ್ದರು?" ಎಂದು ಕೇಳಿ, ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ವಯಸ್ಸಾದವರಿಗೆ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಗೊತ್ತಿರುತ್ತದೆ. ಎಷ್ಟೋ ಸಲ ನಾನು ಹಿಂಜರಿಯುತ್ತಾ ಸುದ್ದಿ ಹೇಳಿದಾಗ ಎದುರಿಗಿದ್ದ ಅಜ್ಜಿ, "ಓ, ಅದಾ? ನಮ್ಮಮ್ಮ ಹೇಳ್ತಿದ್ದಳು" ಎಂದಿದ್ದಾರೆ. ಸಾಲು ಸಿಕ್ಕಮೇಲೆ ಅವರೊಬ್ಬರೇ ಇರುವಾಗ, ಕಾಗದ ಕೈಯಲ್ಲಿ ಕೊಟ್ಟು ಹೇಳಿ. ಹಬ್ಬದ ಊಟದ ಮೇಜಿನ ಮೇಲೆ ಬೇಡ. ಅವರಿಗೆ ಹೇಳುವ ಮೊದಲು ಆನ್‌ಲೈನ್ ವೃಕ್ಷಕ್ಕೆ ಹಾಕುವುದಂತೂ ಬೇಡವೇ ಬೇಡ.

ಮಲತಾಯಿ ಎಂಬ ಮಾತಿಗೆ ನಮ್ಮಲ್ಲಿ ಕೆಟ್ಟ ಹೆಸರಿದೆ, ಅದು ನಿಮ್ಮ ಮನಸ್ಸಿನಲ್ಲೂ ಇರಬಹುದು. ಇಲ್ಲಿ ನಡೆದಿರುವುದನ್ನು ನೋಡಿ. ಗುರುತಿಲ್ಲದ ದೇಶಕ್ಕೆ ಬಂದ 23 ವರ್ಷದ ಹುಡುಗಿ, ತಾಯಿಯಿಲ್ಲದ ಮೂರು ವರ್ಷದ ಹುಡುಗನಿದ್ದ ಮನೆ ಸೇರಿದಳು. ಎಂಟು ಹೆತ್ತಳು, ಅದರಲ್ಲಿ ಮೂವರನ್ನು ಮಣ್ಣಿಗೆ ಕೊಟ್ಟಳು. (ಆ ಮೂವರ ಗೋರಿಯನ್ನೂ ಹುಡುಕಿ. ಆ ದಶಕಗಳಲ್ಲಿ ಗಂಟಲಮಾರಿ ಒಂದೇ ವಾರದಲ್ಲಿ ಒಂದು ಮನೆಯ ಎರಡು ಮೂರು ಮಕ್ಕಳನ್ನು ಒಯ್ಯುತ್ತಿತ್ತು.) ತಾನು ಹೆರದ ಹುಡುಗ ಅವಳನ್ನು ಅಮ್ಮ ಎಂದೇ ಕರೆದು, ಮಕ್ಕಳಿಗೂ ಮೊಮ್ಮಕ್ಕಳಿಗೂ ಹಾಗೇ ಹೇಳಿಕೊಟ್ಟ. ಮಾವನ ಪ್ರೀತಿಯ ಫೋಟೊವನ್ನು ಬದಿಗಿಡಬೇಕಾಗಿಲ್ಲ. ವಂಶಾವಳಿಯಲ್ಲಿ ಅವಳ ಪಕ್ಕದಲ್ಲಿ ಇನ್ನೊಂದು ಹೆಸರಿಗೆ ಜಾಗ ಮಾಡಿ, ಅಷ್ಟೇ. ಸದ್ಯಕ್ಕೆ ಪೆನ್ಸಿಲಿನಲ್ಲಿ.

ಈ ವಾರ ಚರ್ಚ್ ಕಚೇರಿಗೆ ಫೋನ್ ಮಾಡಿ ಎರಡೇ ಎರಡು ದಾಖಲೆ ಕೇಳಿ. 1869ರ ದೀಕ್ಷಾಸ್ನಾನದ ಪುಟ, 1869ರಿಂದ 1872ರವರೆಗಿನ ಶವಸಂಸ್ಕಾರದ ಪುಟಗಳು. ಹಳೇ ಪುಸ್ತಕ ಅಲ್ಲಿಲ್ಲದಿದ್ದರೆ ಯಾವ ಸಂಗ್ರಹಕ್ಕೆ ಹೋಗಿದೆ ಎಂದು ಅವರೇ ಹೇಳುತ್ತಾರೆ. ಫೋಟೊ ತೆಗೆಯುವಾಗ ಒಂದು ಸಾಲು ಮಾತ್ರ ತೆಗೆಯಬೇಡಿ, ಇಡೀ ಪುಟ ತೆಗೆಯಿರಿ. ಹಿಂದಿನ ಮುಂದಿನ ಸಾಲುಗಳಲ್ಲೇ ನೆಂಟರಿರುತ್ತಾರೆ. ಓದಲು ಬರದಿದ್ದರೆ ನನಗೆ ಕಳಿಸಿ, ಅಕ್ಷರ ಬಿಡಿಸಿ ಕೊಡುತ್ತೇನೆ.